ಮಂಚದ ಎತ್ತರ ಎಷ್ಟಿರಬೇಕು? ಮಲಗುವವರ ಮೊಣಕಾಲು ಅಳೆದು ನೋಡಿ

ಅಡಿಕೆ ಕೊಯ್ಲು ಮುಗಿದು ಸ್ವಲ್ಪ ಬಿಡುವು ಸಿಕ್ಕಿದೆ. ಈ ಸಲ ಗೊಬ್ಬರ, ಔಷಧಿ ಬಿಟ್ಟು ನಾವು ಮಲಗೋ ಮಂಚದ ಎತ್ತರದ ಬಗ್ಗೆ ಬರೀತೀನಿ. ನಗಬೇಡಿ. ಕೊಟ್ಟಿಗೆಯ ಗೋದಲಿ ಹಸುವಿನ ಕತ್ತಿಗೆ ಸರಿಯಾಗಿರಲಿ ಅಂತ ನಿಂತು ಅಳತೆ ಹಾಕಿಸ್ತೀವಿ. ಅಪ್ಪ ಅಮ್ಮ ಮಲಗೋ ಮಂಚ ಮಾತ್ರ ಅಂಗಡೀಲಿ ಹೇಗಿತ್ತೋ ಹಾಗೇ ತಂದು ಹಾಕ್ತೀವಿ.

ಇಡೀ ಲೋಕಕ್ಕೆ ಒಪ್ಪೋ ಎತ್ತರ ಅಂತ ಒಂದಿಲ್ಲ. ಜಪಾನಿನವರು ಹುಲ್ಲಿನ ಗಟ್ಟಿ ಚಾಪೆಯ ನೆಲದ ಮೇಲೆ ಹಾಸಿಗೆ ಬಿಡಿಸ್ತಾರೆ, ಬೆಳಿಗ್ಗೆ ಮಡಚಿ ಒಳಗಿಟ್ರೆ ಅದೇ ಕೋಣೆ ಕೂರೋಕೆ ಆಗುತ್ತೆ. ಕೊರಿಯಾದ ಹಳೆ ಮನೆಗಳಲ್ಲಿ ಒಲೆಯ ಬಿಸಿ ಹೊಗೆ ನೆಲದ ಕಲ್ಲುಗಳ ಕೆಳಗೆ ಹಾದು ಹೋಗುತ್ತೆ, ಅದಕ್ಕೆ ಒಂಡೋಲ್ ಅಂತಾರೆ. ನೆಲವೇ ಬೆಚ್ಚಗಿದ್ದ ಮೇಲೆ ಅವರು ಯಾಕೆ ಮಂಚ ಹತ್ತಬೇಕು? ಉತ್ತರ ಚೀನಾದವರು ಇಟ್ಟಿಗೆಯ ಜಗಲಿ ಕಟ್ಟಿ ಅದರೊಳಗೆ ಒಲೆಯ ಹೊಗೆ ಹಾಯಿಸಿ ಮೇಲೆ ಮಲಗ್ತಾ ಇದ್ರು, ಅದು ಕಾಂಗ್. ಪಂಜಾಬಿನ ಚಾರ್‌ಪಾಯಿ, ನಮ್ಮ ಉತ್ತರ ಕರ್ನಾಟಕದ ಹೊರಸು ಎರಡೂ ಸೆಕೆಯ ನಾಡಿನವು. ಹೆಣೆದ ಹಗ್ಗದ ಸಂದಿಯಿಂದ ಗಾಳಿ ಆಡುತ್ತೆ, ಎತ್ತಿಕೊಂಡು ಅಂಗಳಕ್ಕೂ ತರಬಹುದು. ಅಮೆರಿಕದಲ್ಲಿ ಸ್ಪ್ರಿಂಗ್ ಪೆಟ್ಟಿಗೆ, ಅದರ ಮೇಲೆ ದಪ್ಪ ಹಾಸಿಗೆ ಸೇರಿ ಎರಡು ಅಡಿ ದಾಟೋದು ಮಾಮೂಲು. ಹೀಗೆ ಅವರವರ ಚಳಿ, ಸೆಕೆ, ಮೈಕಟ್ಟಿಗೆ ತಕ್ಕಂತೆ ಅವರವರ ಹಾಸಿಗೆ.

ಮೈಕಟ್ಟಿನ ಮಾತು ಸಣ್ಣದಲ್ಲ. ಡಚ್ ಗಂಡಸರ ಸರಾಸರಿ ಎತ್ತರ ಆರಡಿ. ನಮ್ಮ ಕಡೆ ಐದೂವರೆ ಅಡಿ ಆಸುಪಾಸು, ಹೆಂಗಸರು ಇನ್ನೂ ಕುಳ್ಳು. ಆರಡಿಯವನಿಗೆ ಹಿತವಾದ ಮಂಚದ ಅಂಚಿನಲ್ಲಿ ನಮ್ಮ ಅಜ್ಜಿ ಕೂತ್ರೆ ಕಾಲು ನೇತಾಡುತ್ತೆ. ಈಗ ಪೇಟೇಲಿ ಸಿಗೋ ಮಂಚ 18 ಇಂಚು ಅಂತ ಇಟ್ಕೊಳ್ಳಿ, ಮೇಲೆ 8 ಇಂಚಿನ ಹಾಸಿಗೆ ಹಾಕಿದ್ರೆ 26 ಇಂಚು ಆಯ್ತು. ರಾತ್ರಿ ಎದ್ದು ಬಚ್ಚಲಿಗೆ ಹೋಗೋ ಮುದುಕರು ಕತ್ತಲಲ್ಲಿ ಅಲ್ಲಿಂದ ಜಾರಿ ಇಳೀಬೇಕು. ಆ ವಯಸ್ಸಲ್ಲಿ ಬಿದ್ದು ಸೊಂಟದ ಕೀಲು ಮುರಿದ್ರೆ ಏನಾಗುತ್ತೆ ಅಂತ ಪ್ರತಿ ಊರಿಗೂ ಗೊತ್ತು.

ಹಾಗಂತ ‘ನೆಲದ ಮೇಲೆ ಮಲಗಿದ್ರೇ ಆರೋಗ್ಯ, ನಮ್ಮ ತಾತ ನೂರು ವರ್ಷ ಚಾಪೇಲೇ ಮಲಗಿದ್ದ’ ಅನ್ನೋ ವಾದಾನೂ ನಾನು ಒಪ್ಪಲ್ಲ. ಮೊಣಕಾಲು ಗಟ್ಟಿ ಇರೋವರೆಗೆ ಚಾಪೆ ಸುಖ. ನಲವತ್ತು ವರ್ಷ ಬಗ್ಗಿ ನಾಟಿ ಮಾಡಿ, ಕಳೆ ಕಿತ್ತ ಮೊಣಕಾಲಿಗೆ ದಿನಾ ನೆಲದಿಂದ ಏಳು ಅನ್ನೋದು ಶಿಕ್ಷೆ. ಚಾಪೆಯ ನಾಡು ಜಪಾನಿನಲ್ಲೇ 2000ದಲ್ಲಿ ಶುರುವಾದ ವೃದ್ಧರ ಆರೈಕೆ ವಿಮೆಯಲ್ಲಿ, ಅಗತ್ಯ ಇರೋರಿಗೆ ಎತ್ತರ ಏರಿಸಿ ಇಳಿಸೋ ಮಂಚ ಬಾಡಿಗೆಗೆ ಸಿಗುತ್ತೆ.

ಅಳತೆ ಸುಲಭ. ಚಪ್ಪಲಿ ಬಿಚ್ಚಿಸಿ, ಪಾದ ಪೂರಾ ನೆಲಕ್ಕೆ ಊರೋ ಹಾಗೆ ಕೂರಿಸಿ. ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಟೇಪು ಹಿಡೀರಿ. ಹಾಸಿಗೆ ಮೇಲೆ ಕೂತು ಅದು ತಗ್ಗಿದ ಮೇಲೆ ಮಂಚದ ಎತ್ತರ ಅಷ್ಟಿರಬೇಕು. ಮೊಣಕಾಲು ನೋವಿರೋರಿಗೆ ಒಂದೆರಡು ಇಂಚು ಜಾಸ್ತಿ ಇದ್ರೆ ಏಳೋದು ಸುಲಭ, ಆದ್ರೆ ಪಾದ ನೆಲ ಬಿಡಬಾರದು. ಸೊಂಟದ ಕೀಲು ಬದಲಾಯಿಸಿದವರು ಡಾಕ್ಟರು ಹೇಳಿದಷ್ಟೇ ಇಟ್ಕೊಳ್ಳಲಿ, ಅವರು ತಗ್ಗಿನಲ್ಲಿ ಕೂರಬಾರದು. ಹಿಂದೆ ಗೇಣು, ಮೊಳ ಅಂತ ಮೈಯಿಂದಲೇ ಅಳೀತಿದ್ರು. ಒಬ್ಬರ ಮೊಳವೂ ಅವರ ಮೊಣಕಾಲ ಮಡಿಕೆಯ ಎತ್ತರವೂ ಹೆಚ್ಚುಕಮ್ಮಿ ಹತ್ತಿರವೇ ಬರುತ್ತೆ, ಅಳೆದು ನೋಡಿ.

ಮಂಚ ಎತ್ತರ ಆಗಿದ್ರೆ ಬಡಗಿ ಹತ್ರ ಕಾಲು ಕೊಯ್ಸಿ, ಇಲ್ಲಾ ತೆಳು ಹಾಸಿಗೆ ಹಾಕಿ. ತಗ್ಗಾಗಿದ್ರೆ ಗುಳಿ ತೋಡಿದ ಮರದ ಗಟ್ಟಿ ದಿಮ್ಮಿ ಕೊಡಿ. ಬರೀ ಇಟ್ಟಿಗೆ ಜೋಡಿಸಬೇಡಿ, ಜಾರುತ್ತೆ. ಗಂಡ ಹೆಂಡತಿ ಎತ್ತರದಲ್ಲಿ ವ್ಯತ್ಯಾಸ ಇದ್ರೆ, ಏಳೋಕೆ ಯಾರಿಗೆ ಹೆಚ್ಚು ಕಷ್ಟವೋ ಅವರ ಅಳತೆಗೇ ಮಾಡಿಸಿ.

ಇದು ಮನೆ ಮಾತಾಯ್ತು. ತೋಟದ ಮನೆ, ಪಂಪ್‌ಶೆಡ್ಡಿನಲ್ಲಿ ನೆಲದ ಮೇಲೆ ಮಲಗೋದು ಜೀವದ ಪ್ರಶ್ನೆ. ರಾತ್ರಿ ಕರೆಂಟಿಗೆ ನೀರು ಕಟ್ಟೋರು, ಕಾವಲು ಕಾಯೋರು, ಹೊರಗಿಂದ ಬಂದ ಕಬ್ಬು ಕಡಿಯೋರು ಗೋಣಿಚೀಲ ಹಾಸ್ಕೊಂಡು ಮಲಗ್ತಾರೆ. ಕಟ್ಟಿಗೆ ಹಾವು, ಅದೇ ಕಪ್ಪು ಮೈ ಮೇಲೆ ಸಣ್ಣ ಬಿಳಿ ಪಟ್ಟೆಯ ಕಡಂಬಳ, ರಾತ್ರಿ ಓಡಾಡೋ ಹಾವು. ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತೆ. ಎಷ್ಟೋ ಸಲ ನೋವೂ ಇರಲ್ಲ, ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲೋದು, ಆಮೇಲೆ ಉಸಿರು ಕಟ್ಟೋದು. ಅಂಥ ಲಕ್ಷಣ ಕಂಡ್ರೆ ಗ್ಯಾಸ್ಟ್ರಿಕ್ ಅಂತ ಕಾಯಬೇಡಿ, ನಾಟಿ ಔಷಧಿಗೂ ಹೋಗಬೇಡಿ, ನೇರ ಆಸ್ಪತ್ರೆಗೆ ಓಡಿ. ದೇಶದಲ್ಲಿ ಹಾವು ಕಡಿತಕ್ಕೆ ವರ್ಷಕ್ಕೆ ಸುಮಾರು 58,000 ಜನ ಸಾಯ್ತಾರೆ ಅಂತ ಅಧ್ಯಯನದ ಅಂದಾಜು ಇದೆ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಮಂಚ ಇದ್ರೆ ಹಾವು ಬರೋದೇ ಇಲ್ಲ ಅಂತ ಅಲ್ಲ. ಹೊದಿಕೆ ನೆಲಕ್ಕೆ ಜೋತಾಡಬಾರದು, ಸೊಳ್ಳೆ ಪರದೆಯನ್ನ ಹಾಸಿಗೆ ಕೆಳಗೆ ಸಿಗಿಸಬೇಕು, ಮಂಚದ ಕೆಳಗೆ ಕಾಳಿನ ಮೂಟೆ ಇಡಬಾರದು. ಮೂಟೆಗೆ ಇಲಿ, ಇಲಿಗೆ ಹಾವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮನೇಲಿ ಹಿರಿಯರ ಮೊಣಕಾಲು ಅಳೆದು ಮಂಚ ಸರಿ ಮಾಡಿಸಿ. ನಮ್ಮ ಹೊಲದಲ್ಲಿ ರಾತ್ರಿ ಮಲಗೋ ಆಳಿಗೆ ಮಂಚ, ಪರದೆ, ಒಂದು ಬ್ಯಾಟರಿ ಕೊಡೋದು ಉಪಕಾರ ಅಲ್ಲ, ಕೂಲಿಯಷ್ಟೇ ನಮ್ಮ ಜವಾಬ್ದಾರಿ. ಡ್ರಿಪ್ ಪೈಪಿಗೆ ಸಾವಿರಾರು ರೂಪಾಯಿ ಸುರಿಯೋ ನಮಗೆ ನವಾರು ಪಟ್ಟಿಯ ಮಂಚ ಭಾರ ಆಗಲ್ಲ.

ನಿಮ್ಮ ಕಡೆ ಇನ್ನೂ ಹೊರಸು ಹೆಣೆಯೋರು ಇದ್ದಾರಾ? ಯಾವ ಊರು, ಒಂದು ಹೆಣೆಯೋಕೆ ಎಷ್ಟು ತಗೋತಾರೆ ಅಂತ ಕೆಳಗೆ ಬರೀರಿ. ಪಂಪ್‌ಶೆಡ್ಡಿಗೆ ನಂಗೂ ಎರಡು ಬೇಕು.