ಮೇಜಿನ ಮೇಲೆ ಹರಿಯುವ ಝೀಲಂ



ಮೇಜಿನ ಮೇಲೆ ಪುಟಾಣಿ ಸೈನಿಕರ ಬೊಂಬೆಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ದೂರವನ್ನು ಅಳೆದು, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಆಡುವ ‘ವಾರ್‌ಗೇಮ್’ ಎಂಬ ಹವ್ಯಾಸವೊಂದುಂಟು. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿಯೇ ‘ಲಿಟ್ಲ್ ವಾರ್ಸ್’ ಎಂಬ ಹೆಸರಿನಲ್ಲಿ ಇಂಥ ಆಟದ ನಿಯಮಗಳನ್ನು ಪ್ರಕಟಿಸಿದ್ದರು. ಇತಿಹಾಸವನ್ನು ಬೋಧಿಸಿದ ನನಗೆ ಈ ಆಟದಲ್ಲಿ ಎರಡು ಪ್ರಶ್ನೆಗಳು ಮುಖ್ಯವಾಗಿ ತೋರುತ್ತವೆ: ಶತ್ರುವಿನ ಪಕ್ಕಕ್ಕೆ ಸೈನ್ಯವನ್ನು ತರುವುದು ಹೇಗೆ? ನಡುವೆ ಹೊಳೆಯಿದ್ದರೆ ಅದನ್ನು ದಾಟುವುದು ಹೇಗೆ?

ಇವೆರಡನ್ನೂ ಸರಳಗೊಳಿಸಬೇಕೆಂಬ ವಾದವಿದೆ. ಪಕ್ಕದ ತುಕಡಿ ಇಂತಿಷ್ಟನೆಯ ಸರದಿಗೆ ತಪ್ಪದೆ ಬರಲಿ, ನದಿಯು ಸೇತುವೆಯ ಹೊರತು ಬೇರೆಲ್ಲಿಯೂ ದಾಟಲಾಗದ ಗೋಡೆಯಾಗಿರಲಿ ಎಂಬುದು ಅದರ ಸಾರ. ನಾನಿದನ್ನು ಒಪ್ಪಲಾರೆ. ಕಾರಣಕ್ಕೆ, ನೀವು ತರಗತಿಯಲ್ಲಿ ಓದಿದ ಕ್ರಿ.ಪೂ. 326ರ ಝೀಲಂ ಕದನವನ್ನೇ ನೆನಪಿಸಿಕೊಳ್ಳಿ.

ನಮ್ಮ ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ ಆ ನದಿದಾಟುವಿಕೆಯನ್ನು ಗ್ರೀಕ್ ಇತಿಹಾಸಕಾರ ಅರ್ರಿಯನ್ ವಿಸ್ತಾರವಾಗಿ ವರ್ಣಿಸಿದ್ದಾನೆ. ಎದುರು ದಡದಲ್ಲಿ ಪೋರಸನ ಆನೆಗಳು ನಿಂತಿದ್ದುದರಿಂದ ಕುದುರೆಗಳನ್ನು ನೇರವಾಗಿ ದಾಟಿಸುವಂತಿರಲಿಲ್ಲ. ಅಲೆಕ್ಸಾಂಡರನು ರಾತ್ರಿಗಳಲ್ಲಿ ಅಶ್ವದಳವನ್ನು ದಡದುದ್ದಕ್ಕೂ ಗದ್ದಲದೊಡನೆ ಓಡಾಡಿಸಿದನು. ಮೊದಮೊದಲು ಪೋರಸನು ಆ ಸದ್ದನ್ನು ಹಿಂಬಾಲಿಸಿದನು. ಬರಬರುತ್ತ ಬೇಸತ್ತು ಕೈಬಿಟ್ಟನು. ಆಗ ಅಲೆಕ್ಸಾಂಡರನು ಕ್ರಾಟೆರಸನನ್ನು ಪಾಳೆಯದಲ್ಲಿಯೇ ಬಿಟ್ಟು, ಸುಮಾರು 11,000 ಮಂದಿಯೊಡನೆ ಮಳೆಗುಡುಗಿನ ರಾತ್ರಿಯಲ್ಲಿ ಸುಮಾರು 27 ಕಿ.ಮೀ. ಮೇಲಕ್ಕೆ ಹೋಗಿ ಹೊಳೆಗಿಳಿದನು. ಎದುರು ದಡವೆಂದು ಭಾವಿಸಿ ಹತ್ತಿದ್ದು ನಡುಗಡ್ಡೆಯನ್ನು! ಮುಂದೆ ಇನ್ನೊಂದು ಕವಲು, ಕಾಲಾಳುಗಳಿಗೆ ಎದೆಮಟ್ಟದ ನೀರು. ಇತ್ತ ತಡೆಯಲು ಬಂದ ಪೋರಸನ ಮಗನ ರಥಗಳು ಕೆಸರಿನಲ್ಲಿ ಸಿಕ್ಕಿಕೊಂಡವು. ನೀರು ಇಬ್ಬರನ್ನೂ ಪರೀಕ್ಷಿಸಿತು.

ಇಲ್ಲಿ ನದಿ ಗೋಡೆಯಾಗಿರಲಿಲ್ಲ; ದಾಟುವವರೆಗೂ ಆಳ ತಿಳಿಯದ ಅಡೆತಡೆಯಾಗಿತ್ತು. ಫಿಲ್ ಬಾರ್ಕರ್ ಮತ್ತು ಸಂಗಡಿಗರು 1990ರಲ್ಲಿ ಹೊರತಂದ ‘ಡಿ.ಬಿ.ಎ.’ ನಿಯಮಾವಳಿ ಇದನ್ನು ಚೆನ್ನಾಗಿ ಗ್ರಹಿಸಿದೆ. ಅದರಲ್ಲಿ ಪ್ರತಿ ಪಕ್ಷಕ್ಕೆ 12 ತುಕಡಿಗಳು ಮಾತ್ರ. ಮೊದಲ ತುಕಡಿ ಹೊಳೆಗಿಳಿಯುವಾಗ ದಾಳ ಹಾಕಿ, ಹೊಳೆ ಎಷ್ಟು ಕಠಿಣವೆಂದು ನಿರ್ಧರಿಸುತ್ತಾರೆ. 1993ರ ‘ಡಿ.ಬಿ.ಎಂ.’ ನಿಯಮಾವಳಿಯಲ್ಲಿ ಸೈನ್ಯದ ಒಂದು ಭಾಗವನ್ನು ಮೇಜಿನ ಹೊರಗಿರಿಸಿ, ಪಕ್ಕದಿಂದ ತರಬಹುದು. ಅದು ಎಂದು ಬರುವುದೆಂಬುದು ದಾಳದ ಕೈಯಲ್ಲಿ. ಅಲ್ಲಿಯವರೆಗೆ ಉಳಿದವರೇ ಶತ್ರುವನ್ನು ತಡೆದು ನಿಲ್ಲಬೇಕು. ಕ್ರಾಟೆರಸನ ಪಾಡೂ ಇದೇ ಅಲ್ಲವೇ?

ದಾಳ ಒಲಿಯದೆ ಆ ತುಕಡಿ ಬಾರದೇ ಹೋದರೆ ಆಟಗಾರನ ಸಂಜೆಯೆಲ್ಲ ವ್ಯರ್ಥ ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. ಅದಕ್ಕೆ ಪರಿಹಾರ, ಸರದಿ ಕಳೆದಂತೆ ಬರುವ ಸಾಧ್ಯತೆಯನ್ನು ಹೆಚ್ಚಿಸುವುದು, ಅನಿಶ್ಚಿತತೆಯನ್ನೇ ತೆಗೆದುಹಾಕುವುದಲ್ಲ. ಅದನ್ನು ತೆಗೆದರೆ ಎದುರಾಳಿಗೆ ಪೋರಸನ ಸಂಕಟವೇ ಇರದು. ಎದುರಿಗಿರುವ ಪಾಳೆಯವನ್ನು ಕಾಯಬೇಕೋ, ದೂರದ ಸದ್ದಿನ ಬೆನ್ನು ಹತ್ತಬೇಕೋ ಎಂದು ಅವನು ಯೋಚಿಸಬೇಕಾಗಿಯೇ ಇಲ್ಲ. ಸರದಿ ಎಣಿಸಿದರೆ ಸಾಕು.

ಗೆದ್ದವನಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಮಕ್ಕಳು ಭಾವಿಸುವುದು ಇತಿಹಾಸ ಬೋಧನೆಯ ದೊಡ್ಡ ತೊಡಕು. ಒಳ್ಳೆಯ ನಿಯಮಗಳುಳ್ಳ ಆಟ ಆ ಭ್ರಮೆಯನ್ನು ಒಂದೇ ಸಂಜೆಯಲ್ಲಿ ಕಳೆಯಬಲ್ಲದು. ನಿಮ್ಮಲ್ಲಿ ಯಾರಾದರೂ ಇದನ್ನು ಆಡುವವರಿದ್ದರೆ, ಹೊಳೆಯನ್ನು ಸುಲಭಗೊಳಿಸದೆ ಒಮ್ಮೆ ಆಡಿ ನೋಡಿ. ಪೋರಸನ ದಡದಲ್ಲಿ ನಿಂತಾಗ ಏನನಿಸಿತೆಂದು ನನಗೆ ಬರೆದು ತಿಳಿಸಿ.