ಘಟ್ಟದ ಜೀವಸಂಕುಲವೂ ಕ್ರೈಸ್ತ ಕೃಷಿಕನ ಭೀತಿಯೂ

ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ, ಸೃಷ್ಟಿಯ ಪಾಲನೆಗಾಗಿ ಧರ್ಮಸಭೆಯು ಪ್ರಾರ್ಥಿಸುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಗಿಡಗಳನ್ನೂ ನೆಡಲಾಗುತ್ತದೆ. (ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಗಿಡ ನೆಡುವುದೂ ಉಂಟು.) ಆದರೆ ಪಶ್ಚಿಮ ಘಟ್ಟದ ರಕ್ಷಣೆಯ ಪ್ರಶ್ನೆ ಎದುರಾದಾಗ ಕಥೋಲಿಕ ಸಮುದಾಯವು ಹೇಗೆ ನಡೆದುಕೊಂಡಿತೆಂಬುದನ್ನು ನಾವು ಮನಬಿಚ್ಚಿ ಚರ್ಚಿಸಿದ್ದು ಕಡಿಮೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು 2011ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರಕ್ಕೆ ವರದಿ ಸಲ್ಲಿಸಿತು. ಅದನ್ನು ತಿಂಗಳುಗಟ್ಟಲೆ ಮುಚ್ಚಿಡಲಾಯಿತು. ಮಾಹಿತಿ ಹಕ್ಕಿನಡಿ ಹೋರಾಟ ನಡೆದ ಮೇಲೆಯೇ 2012ರಲ್ಲಿ ಅದು ಬೆಳಕು ಕಂಡಿತು. ಮುಂದೆ ಕಸ್ತೂರಿರಂಗನ್ ಸಮಿತಿಯು 2013ರಲ್ಲಿ ಘಟ್ಟದ ಸುಮಾರು ಶೇಕಡ 37ರಷ್ಟು ಪ್ರದೇಶವನ್ನು ಮಾತ್ರ ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಅಷ್ಟಕ್ಕೇ ಕೇರಳದ ಮಲೆನಾಡು ಹೊತ್ತಿ ಉರಿಯಿತು. ವಿರೋಧದ ಮುಂಚೂಣಿಯಲ್ಲಿದ್ದವು ಇಡುಕ್ಕಿ ಮತ್ತು ತಾಮರಶ್ಶೇರಿ ಧರ್ಮಪ್ರಾಂತ್ಯಗಳು. ಗಾಡ್ಗೀಳ್ ವರದಿಯನ್ನು ಬೆಂಬಲಿಸಿದ ಇಡುಕ್ಕಿಯ ಸಂಸದ ಪಿ.ಟಿ. ಥಾಮಸ್ ಅವರಿಗೆ 2014ರ ಚುನಾವಣೆಯಲ್ಲಿ ಪಕ್ಷವು ಟಿಕೆಟನ್ನೇ ನೀಡಲಿಲ್ಲ.

ಆ ಕೃಷಿಕರ ಭೀತಿಯನ್ನು ಹಗುರವಾಗಿ ಕಾಣಲಾಗದು. ಹಸಿವಿನ ದಿನಗಳಲ್ಲಿ ಬೆಟ್ಟ ಹತ್ತಿ, ಮಲೇರಿಯಾ ಮತ್ತು ಕಾಡಾನೆಗಳ ನಡುವೆ ಬದುಕು ಕಟ್ಟಿದವರ ಮಕ್ಕಳು ಅವರು. ಅನೇಕರ ಭೂಮಿಗೆ ಇನ್ನೂ ಪಟ್ಟಾ ದೊರೆತಿರಲಿಲ್ಲ. ಅರಣ್ಯ ಇಲಾಖೆಯ ಹೆಸರು ಕೇಳಿದೊಡನೆ ಒಕ್ಕಲೆಬ್ಬಿಸುವ ನೋಟೀಸೇ ಅವರ ಕಣ್ಮುಂದೆ ಬರುವುದು ಸಹಜ. ಆದರೆ ಗಾಡ್ಗೀಳ್ ವರದಿಯು ಯಾರನ್ನೂ ಒಕ್ಕಲೆಬ್ಬಿಸಲು ಹೇಳಿರಲಿಲ್ಲ. ಅದು ವಿರೋಧಿಸಿದ್ದು ಅತಿಸೂಕ್ಷ್ಮ ವಲಯಗಳಲ್ಲಿ ಹೊಸ ಗಣಿಗಳನ್ನು ಮತ್ತು ದೊಡ್ಡ ಅಣೆಕಟ್ಟುಗಳನ್ನು. ವಲಯದ ಗಡಿಗಳನ್ನು ಗ್ರಾಮಸಭೆಗಳೇ ಚರ್ಚಿಸಿ ನಿರ್ಧರಿಸಬೇಕೆಂಬುದು ಅದರ ಆಶಯವಾಗಿತ್ತು. ಈ ಮಾತು ಹಳ್ಳಿಯನ್ನು ಜನರ ಭಾಷೆಯಲ್ಲಿ ತಲುಪುವ ಮೊದಲೇ ವದಂತಿ ತಲುಪಿತು. ವದಂತಿಯನ್ನು ತಿದ್ದಬಲ್ಲ ಧರ್ಮಪೀಠಗಳಲ್ಲಿ ಕೆಲವು ಅದಕ್ಕೆ ದನಿಗೂಡಿಸಿದ್ದು ವಿಷಾದದ ಸಂಗತಿ.

ಇನ್ನು, ಕಾಡಿನ ಜೀವಿಗಳಿಂದ ಕೃಷಿಕನಿಗೇನು ಲಾಭವೆಂದು ಕೇಳುವವರಿದ್ದಾರೆ. ಇಡುಕ್ಕಿಯ ಏಲಕ್ಕಿಯನ್ನೇ ನೋಡೋಣ. ಏಲಕ್ಕಿಯ ಹೂವು ಅರಳಿದರೆ ಅದರ ಆಯುಷ್ಯ ಒಂದೇ ದಿನ. ಅದು ತಾನಾಗಿ ಕಾಯಿಕಟ್ಟದು. ಆ ಒಂದು ದಿನದಲ್ಲಿ ತುಡುವೆ ಜೇನೋ ಹೆಜ್ಜೇನೋ ಬಂದು ಪರಾಗವನ್ನು ಮುಟ್ಟಿಸಬೇಕು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲಾಗದು. ಅದಕ್ಕೆ ಎತ್ತರದ ಮರ ಬೇಕು, ಬಂಡೆಯ ಸಂದು ಬೇಕು, ಏಲಕ್ಕಿ ಹೂವಿಲ್ಲದ ತಿಂಗಳುಗಳಲ್ಲಿ ಕಾಡಿನ ಹೂಗಳು ಬೇಕು. ಕೀಟನಾಶಕವನ್ನು ವಿಪರೀತವಾಗಿ ಸಿಂಪಡಿಸುವ ತೋಟಗಳಲ್ಲಿ ನಾವು ಕೊಲ್ಲುತ್ತಿರುವುದು ಸಂಬಳವಿಲ್ಲದೆ ದುಡಿಯುವ ಈ ಕೂಲಿಯಾಳುಗಳನ್ನೇ. ಸಿಂಗಳೀಕದ ಕಥೆಯೂ ಹೀಗೆಯೇ. ಪಶ್ಚಿಮ ಘಟ್ಟದ ಹೊರಗೆ ಜಗತ್ತಿನ ಯಾವ ಕಾಡಿನಲ್ಲೂ ಇಲ್ಲದ ಈ ಕಪಿಯು ಮರದ ಮೇಲಿಂದ ಮೇಲೆಯೇ ಸಂಚರಿಸುವ ಪ್ರಾಣಿ. ನಡುವೆ ರಸ್ತೆಯೋ ತೋಟವೋ ಬಂದು ಕೊಂಬೆಗಳ ಸರಪಳಿ ತುಂಡಾದರೆ ಗುಂಪುಗಳು ಒಂದರಿಂದೊಂದು ದೂರವಾಗಿ, ಸಣ್ಣ ಸಣ್ಣ ತುಣುಕುಗಳಲ್ಲಿ ಕ್ಷೀಣಿಸುತ್ತವೆ. ಕಾಡಿನ ವಿಸ್ತೀರ್ಣ ಕಾಗದದ ಮೇಲೆ ಅಷ್ಟೇ ಇದ್ದರೂ ಜೀವಿ ಉಳಿಯದಿರುವುದು ಈ ಕಾರಣದಿಂದ.

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ವಿಶ್ವಪರಿಪತ್ರದಲ್ಲಿ ಜೀವವೈವಿಧ್ಯದ ನಾಶಕ್ಕೆಂದೇ ಒಂದು ಭಾಗವಿದೆ. ಜೀವಪ್ರಭೇದಗಳನ್ನು ಬಳಕೆಯ ಸಂಪನ್ಮೂಲಗಳೆಂದಷ್ಟೇ ಎಣಿಸಬಾರದು, ಅವುಗಳಿಗೆ ತಮ್ಮದೇ ಆದ ಮೌಲ್ಯವಿದೆ ಎಂಬುದು ಅಲ್ಲಿನ ಬೋಧನೆ. ಅದೇ ಪರಿಪತ್ರವು ಬಡವರ ಕೂಗನ್ನೂ ಭೂಮಿಯ ಕೂಗನ್ನೂ ಒಟ್ಟಿಗೆ ಆಲಿಸಲು ಕರೆ ನೀಡುತ್ತದೆ. ಇಡುಕ್ಕಿಯ ಗಲಭೆಗೆ ಮುನ್ನವೇ ಈ ಪರಿಪತ್ರ ಬಂದಿದ್ದರೆ ಏನಾಗುತ್ತಿತ್ತೋ ಎಂದು ಒಮ್ಮೊಮ್ಮೆ ಅನಿಸುವುದುಂಟು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳು ಮಣ್ಣಿನಡಿ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ವಿಪರೀತ ಮಳೆಯೇ ತಕ್ಷಣದ ಕಾರಣವೆಂಬುದು ನಿಜ. ಕಡಿದಾದ ಇಳಿಜಾರನ್ನು ನಾವು ಹೇಗೆ ಬಳಸಿದ್ದೇವೆಂಬ ಪ್ರಶ್ನೆ ಅದರಿಂದ ತೀರುವುದಿಲ್ಲ. ಮರುದಿನವೇ ಕೇಂದ್ರವು ಆರನೆಯ ಬಾರಿಗೆ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಅದನ್ನು ತಿರಸ್ಕರಿಸಲು ನಿರ್ಧರಿಸಿತು.

ಬೆಳ್ತಂಗಡಿ, ಕೊಡಗು ಕಡೆಗಳಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಅನೇಕ. ಅವರಿಗೂ ಈ ಕರಡು ಪಟ್ಟಿಯ ಚಿಂತೆ ಇದೆ. ಪಟ್ಟಿಯಲ್ಲಿ ತಮ್ಮ ಊರಿದ್ದರೆ ಯಾವುದು ನಿಷಿದ್ಧ, ಯಾವುದು ಅಲ್ಲ ಎಂಬುದನ್ನು ಕನ್ನಡದಲ್ಲಿ ಓದಿ ತಿಳಿಸುವ ಕೆಲಸ ದೇವಾಲಯದ ಸಭಾಂಗಣದಲ್ಲಿಯೇ ಆಗಬಹುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಸಸ್ಯ, ಪ್ರಾಣಿ, ಬೆಳೆತಳಿಗಳ ದಾಖಲಾತಿಯನ್ನು ಜನರೊಡನೆ ಕೂಡಿ ಅದು ಸಿದ್ಧಪಡಿಸಬೇಕು. ಬಹಳ ಕಡೆ ಈ ಸಮಿತಿ ಹೆಸರಿಗಷ್ಟೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲೆಯ ಪುಸ್ತಕವನ್ನು ತೋರಿಸಿರೆಂದು ಕೇಳಲು ಯಾವ ಅಧಿಸೂಚನೆಗೂ ಕಾಯಬೇಕಿಲ್ಲ.