ಸದ್ದಿಲ್ಲದ ಪಾಕಯಂತ್ರ

ಮನೆವಾರ್ತೆಯ ಈ ಪುಟದಲ್ಲಿ ಈ ಸಲ ಒಂದು ಹೊಸ ಉಪಕರಣದ ಮಾತು. ‘ಸೂ ವೀಡ್’ ಎಂಬ ಫ್ರೆಂಚ್ ಪದಕ್ಕೆ ‘ನಿರ್ವಾತದಲ್ಲಿ’ ಎಂದರ್ಥ. ಪದಾರ್ಥವನ್ನು ಗಾಳಿ ತೆಗೆದ ಚೀಲದಲ್ಲಿ ಬಿಗಿದು, ಒಂದೇ ಹದದ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿ ಬೇಯಿಸುವ ಕ್ರಮವಿದು. ಫ್ರಾನ್ಸಿನ ಬಾಣಸಿಗ ಜಾರ್ಜ್ ಪ್ರಾಲೂಸ್ 1974ರಲ್ಲಿ ಇದನ್ನು ಹೋಟೆಲಿನ ಅಡಿಗೆಗೆ ಒಗ್ಗಿಸಿದರು. ಈಗ ಅದು ಮುಲುಂಡಿನ ನಮ್ಮ ಅಡಿಗೆಮನೆಗೂ ಬಂದಿದೆ.

ನಾವು ತಂದದ್ದು ಪಾತ್ರೆಯ ಅಂಚಿಗೆ ಸಿಕ್ಕಿಸುವ ಕೋಲಿನಂಥದು. ಬೆಲೆಯೂ ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಹಗಲು ರಸ್ತೆಯ ಗದ್ದಲದಲ್ಲಿ ಅದರ ದನಿಯೇ ಕೇಳಲಿಲ್ಲ. ಶನಿವಾರ ರಾತ್ರಿ ಕುರಿಮಾಂಸ ಇಟ್ಟು ಮಲಗಿದೆವು. ಕೊನೆಯ ಲೋಕಲ್ ಹೋಗಿ ಊರು ಮಲಗಿದ ಮೇಲೆ ನಿಜ ತಿಳಿಯಿತು. ಅಡಿಗೆಮನೆಗೂ ಅತ್ತೆಯವರ ಹಾಸಿಗೆಗೂ ನಡುವೆ ಒಂದೇ ಗೋಡೆ. “ಕುಕ್ಕರು ಮೂರು ಸಲ ಕೂಗಿ ಸುಮ್ಮನಾಗುತ್ತದೆ ಮಾರಾಯ್ತಿ, ಇದು ಬೆಳಗಿನ ತನಕ ಗುಂಯ್ ಎನ್ನುತ್ತದಲ್ಲ!” ಎಂದರು ಅವರು. ಸದ್ದು ಎಷ್ಟು ಜೋರು ಎಂದು ಕೇಳಿ ಕೊಂಡಿದ್ದೆವು. ಎಷ್ಟು ಹೊತ್ತು ಎಂದು ಯೋಚಿಸಿರಲಿಲ್ಲ.

ಆ ಸದ್ದಿಗೆ ಕಾರಣ ನೀರನ್ನು ಸುತ್ತಿಸುವ ಪುಟ್ಟ ಮೋಟಾರು. ಮೋಟಾರಿಲ್ಲದ, ತೊಟ್ಟಿಯಂಥ ಮಾದರಿಯೂ ಉಂಟು. ಅದರಲ್ಲಿ ಬಿಸಿನೀರು ತಾನಾಗಿಯೇ ಮೇಲೇರಿ ಸುತ್ತುವುದರಿಂದ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಜಾಗ ಮಾತ್ರ ಹೆಚ್ಚು ಬೇಕು. ಚೀಲಗಳನ್ನು ಒತ್ತೊತ್ತಾಗಿ ತುಂಬಬಾರದು. ಅಡಿಗೆಯೂ ನಿದ್ದೆಯೂ ಹತ್ತಿರ ಹತ್ತಿರವೇ ನಡೆಯುವ ಪುಟ್ಟ ಮನೆಗೆ ಅದೇ ಮೇಲು. ಕೋಲು ಈಗಾಗಲೇ ಇದ್ದವರು ದಪ್ಪ ತಳದ ಪಾತ್ರೆ ಬಳಸಿ, ಕೆಳಗೆ ಮಡಿಸಿದ ಟವಲು ಹಾಸಲಿ. ನೀರು ಗುರುತಿಗಿಂತ ಇಳಿಯದಿರಲಿ. ಇಳಿದರೆ ಗಾಳಿ ಹೀರಿ ಗೊಳಗೊಳ ಎನ್ನುತ್ತದೆ.

ಅಮೆರಿಕದಿಂದ ಮಗನೋ ತಮ್ಮನೋ ತರುವುದಾದರೆ, ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230 ಎಂಬುದು ನೆನಪಿರಲಿ. ಯಂತ್ರದ ಮೈಮೇಲಿನ ಚೀಟಿ ಓದದೆ ಪ್ಲಗ್ಗಿಗೆ ಸಿಕ್ಕಿಸಬಾರದು.

ಇನ್ನು ಅದರಿಂದಾಗುವ ಕೆಲಸ. ಮೊಟ್ಟೆ 63 ಡಿಗ್ರಿಯಲ್ಲಿ ಒಂದು ಗಂಟೆಗೆ ಮೃದುವಾಗಿ ಬೇಯುತ್ತದೆ. ಗಜ್ಜರಿಗೆ 85 ಡಿಗ್ರಿಯಾದರೂ ಬೇಕು. ಸಾರಿನ ತೊಗರಿಬೇಳೆಗೆ ಕುಕ್ಕರೇ ಗತಿ. ಮಾಂಸವನ್ನು 60 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಡಬೇಡಿ. ರೋಗಾಣು ಬೆಳೆಯುವ ಭಯವಿದೆ. ದಿನವೂ ಅನ್ನ, ಸಾರು, ಪಲ್ಯವೇ ನಡೆಯುವ ಮನೆಗೆ ಈ ಖರ್ಚು ಬೇಡವೆಂದೇ ನಮ್ಮ ಸಲಹೆ.

ಕೊಳ್ಳುವವರು ಅಂಗಡಿಯವರ ಮಾತಿಗೆ ತಲೆದೂಗದೆ, ನೀರು ತುಂಬಿಸಿ ಓಡಿಸಿ, ಗೋಡೆಯ ಆಚೆ ನಿಂತು ಕೇಳಬೇಕು. ನಮ್ಮ ಕೋಲು ಈಗ ಹಗಲು ಮಾತ್ರ ದುಡಿಯುತ್ತದೆ. ರಾತ್ರಿ ಅದೂ ಅತ್ತೆಯವರೂ ನೆಮ್ಮದಿಯಾಗಿ ಮಲಗುತ್ತಾರೆ.